ಹಿಡಿಕೆ ಹೊಲಿದ ಷರಾಯಿ

ನನಗೆ ಏಳು ವರ್ಷವಿದ್ದಾಗ ನಮ್ಮ ಗಣಿಯೂರು ಗ್ಲಿನ್‌ಕಾರ್ನಿನ ಕ್ಷೌರದಂಗಡಿಯ ಗೋಡೆಯ ಮೇಲೆ ಒಂದು ಫೋಟೋ ನೋಡಿದೆ. ಹನ್ನೊಂದು ಗಂಡಸರು. ಅಂಥ ಅಂಗಡಿಗೆ ಎಂದೂ ಕಾಲಿಡದವರಂತೆ ಎಲ್ಲರಿಗೂ ಕಿವಿ ಮುಚ್ಚುವಷ್ಟು ಕೂದಲು. ಎಲ್ಲರ ಮುಖದಲ್ಲೂ ಈಗಷ್ಟೇ ಹಲ್ಲು ಕೀಳಿಸಿಕೊಂಡು ಬಂದವರ ಗಾಂಭೀರ್ಯ. ಮುಂದಿನ ಸಾಲಿನಲ್ಲಿ ಮಗ್ಗುಲಾಗಿ ಕೂತಿದ್ದ ಒಬ್ಬ ಸಣ್ಣ ಆಳಿನ ಷರಾಯಿಗೆ, ಸೊಂಟದ ಹತ್ತಿರ, ಪ್ರಯಾಣದ ಪೆಟ್ಟಿಗೆಗೆ ಇರುವಂಥ ದಪ್ಪ ಚರ್ಮದ ಹಿಡಿಕೆ. ಕೆಳಗೆ ಬಿಳಿ ಅಕ್ಷರದಲ್ಲಿ ‘ಸ್ಟಾನ್‌ಬರಿ ಕಾಲೇಜು, ೧೮೯೮’ ಎಂದಿತ್ತು. ಕಾಲೇಜು ಓದಿದವರಿಗೆಲ್ಲ ಹಿಡಿಕೆ ಹಾಕಿಕೊಡುತ್ತಾರೆ ಎಂದು ನಾನು ಅರ್ಥ ಮಾಡಿಕೊಂಡೆ. ನನ್ನನ್ನು ಕಾಲೇಜಿಗೆ ಕಳಿಸುವ ಮಾತು ಮನೆಯಲ್ಲಿ ಆಗಾಗ ಬರುತ್ತಿತ್ತು. ತಯಾರಿ ಈಗಿನಿಂದಲೇ ಇರಲಿ ಎಂದು ಅಮ್ಮನ ಚೀಲದ ಹಿಡಿಕೆ ಕತ್ತರಿಸಿ, ನನ್ನ ಭಾನುವಾರದ ಷರಾಯಿಗೆ ಸಣ್ಣ ಮೊಳೆ ಹೊಡೆದು ಕೂರಿಸಿ, ಅದನ್ನೇ ತೊಟ್ಟು ಚರ್ಚಿನ ಬೆಂಚಿನ ಮೇಲೆ ಕೂತೆ. ಆಮೇಲೆ ಮೂರು ದಿನ ನಿಂತುಕೊಂಡೇ ಊಟ ಮಾಡಿದ್ದು ಮೊಳೆಯ ದೆಸೆಯಿಂದಲೋ ಅಮ್ಮನ ಕೈಯ ದೆಸೆಯಿಂದಲೋ ಈಗ ನೆನಪಿಲ್ಲ.

ಕಾಲೇಜಿಗೆ ಹೋಗಲಿಲ್ಲ. ಕಲ್ಲಿದ್ದಲ ಗಣಿ ಕಂಪನಿಯ ಉಗ್ರಾಣದಲ್ಲಿ ಗುಮಾಸ್ತನಾದೆ. ಹಿಡಿಕೆ ಇಲ್ಲದವನನ್ನೂ ಯಾರು ಬೇಕಾದರೂ ಎತ್ತಿ ಎಲ್ಲಿ ಬೇಕಾದರೂ ಇಡಬಹುದೆಂಬುದು ಅಲ್ಲಿ ತಿಳಿಯಿತು. ನನ್ನನ್ನು ಹಾಗೆ ಎತ್ತಿಡುವ ಹೆಡ್ ಗುಮಾಸ್ತರೇ ಆ ಫೋಟೋದ ಸಣ್ಣ ಆಳು, ಎಮ್ಲಿನ್ ಪ್ರಾಸರ್. ಇದು ಗೊತ್ತಾಗಲು ನನಗೆ ಎರಡು ವರ್ಷ ಬೇಕಾಯಿತು; ಅವರು ಹೇಳುವವರಲ್ಲ, ನಾನು ಕೆಲಸದ ಹೊತ್ತಿನಲ್ಲಿ ತಲೆ ಎತ್ತಿ ನೋಡುವವನಲ್ಲ. ಊಟದ ಡಬ್ಬಿ ತೆರೆದಾಗ ಒಂದೊಂದು ತುಂಡಾಗಿ ಅವರಿಂದ ಹೊರಟ ಕಥೆ ಇದು. ಕಥೆಯ ಕಾಲಕ್ಕೆ ಅವರು ಇಪ್ಪತ್ತರ ಆಸುಪಾಸಿನ ಹುಡುಗ, ಹಾಗಾಗಿ ಏಕವಚನ ಬಳಸಿದ್ದೇನೆ. ಸೋಮವಾರ ಬೆಳಿಗ್ಗೆ ಉಗ್ರಾಣದಲ್ಲಿ ಈ ಧೈರ್ಯ ನನಗಿರುವುದಿಲ್ಲ.

*

ಎಮ್ಲಿನನ ಅಪ್ಪ ಗಣಿಯ ಧೂಳು ಎದೆಗೆ ಹಿಡಿದು ಸತ್ತ. ಅಮ್ಮ ಗ್ವೆನ್ಲಿಯನ್ ಗಣಿಯೊಳಗೆ ಗಾಡಿ ಎಳೆಯುವ ಹೇಸರಗತ್ತೆಗಳ ಸರಂಜಾಮು ಹೊಲಿದು ಮನೆ ನಡೆಸಿದಳು. ಮಗ ಮಾತ್ರ ಗಣಿಗೆ ಇಳಿಯಬಾರದೆಂದು ಚರ್ಚಿನವರನ್ನು ಹಿಡಿದು, ಪಾದ್ರಿಯಾಗಲೆಂದು ಒಂಬತ್ತು ಮೈಲಿ ಆಚೆಯ ಸ್ಟಾನ್‌ಬರಿ ಕಾಲೇಜಿಗೆ ಸೇರಿಸಿದಳು. ಹುಡುಗ ಓದಿನಲ್ಲಿ ಪರವಾಗಿಲ್ಲ, ಆಕಾರದಲ್ಲಿ ಪೀಚು.

ಅವನ ಆಟದ ಬದುಕು ಶುರುವಾದದ್ದು ಒಂದು ಟೋಪಿಯಿಂದ. ಮೊದಲ ವರ್ಷದ ಸೆಪ್ಟೆಂಬರಿನಲ್ಲಿ ಗಾಳಿಗೆ ಅವನ ಟೋಪಿ ಹಾರಿ ಆಟದ ಬಯಲಿನ ಬೇಲಿಯಾಚೆ ಬಿತ್ತು. ಬೇಲಿ ಎದೆಯೆತ್ತರ. ಅಲ್ಲೇ ನಿಂತಿದ್ದ ಹಿರಾಮ್ ಕ್ಲೈನ್‌ಫೆಲ್ಟರ್ ಎಂಬ ಜರ್ಮನ್ ರೈತರ ಮನೆಯ ಹುಡುಗ, ಕಣಜದ ಬಾಗಿಲಷ್ಟು ಅಗಲದವನು, “ತರ್ತೀಯಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಎಮ್ಲಿನನ ಸೊಂಟಪಟ್ಟಿ ಹಿಡಿದು ಬೇಲಿಯ ಮೇಲಿಂದ ಎಸೆದುಬಿಟ್ಟ. ಎಮ್ಲಿನ್ ಹುಲ್ಲಿನಲ್ಲಿ ಉರುಳಿ, ಎದ್ದು, ಟೋಪಿ ಹಾಕಿಕೊಂಡು, ನಡುಗುತ್ತ ನಿಂತ. ಇದನ್ನು ತಂಡದ ಗುರು ಲಾತ್ರಪ್ ನೋಡಿದ.

“ಎಷ್ಟು ತೂಕ ಇದ್ದೀಯೋ?”

“ನೂರ ಇಪ್ಪತ್ತೆಂಟು ಪೌಂಡು, ಸಾರ್. ಮಳೇಲಿ ನೆನೆದ್ರೆ ನೂರ ಮೂವತ್ತು.”

“ಹಿರಾಮ್, ಇವನ್ನ ಇನ್ನೊಂದ್ಸಲ ಎಸಿ.”

“ಎಲ್ಲಿಗೆ ಸಾರ್?”

“ಎಲ್ಲಿಗಾದ್ರೂ ಎಸಿಯೋ. ನಾನು ನೋಡ್ಬೇಕು.”

ಆಗಿನ ಫುಟ್‌ಬಾಲು ಹೆಸರಿಗೆ ಕಾಲ್ಚೆಂಡು. ಕಾಲು ತಗಲುತ್ತಿದ್ದುದು ಹೆಚ್ಚಾಗಿ ಎದುರಾಳಿಯ ಪಕ್ಕೆಲುಬಿಗೆ. ಚೆಂಡನ್ನು ಎದೆಗವಚಿಕೊಂಡು ಮುಂದಕ್ಕೆ ನುಗ್ಗಬೇಕು; ಮೂರು ಯತ್ನದಲ್ಲಿ ಐದು ಗಜ ನುಗ್ಗದಿದ್ದರೆ ಚೆಂಡು ಎದುರಿನವರದು. ಎರಡು ಕಡೆಯ ದೊಡ್ಡಾಳುಗಳು ತಲೆಗೆ ತಲೆ ಕೊಟ್ಟು ಗೋಡೆಯ ಹಾಗೆ ನಿಂತಿರುತ್ತಿದ್ದರು. ತಲೆಗೆ ಕಾಪು ಅಂದರೆ ಬೆಳೆಸಿಕೊಂಡ ಕೂದಲು, ಅಷ್ಟೇ. ಆ ಗೋಡೆಯನ್ನು ಒಡೆಯಲಾಗದ ಕಡೆ ಅದರ ಮೇಲಿಂದ ಒಬ್ಬ ಸಣ್ಣವನನ್ನು ಚೆಂಡಿನ ಸಮೇತ ಎಸೆಯುವುದಕ್ಕೆ ಯಾವ ನಿಯಮವೂ ಅಡ್ಡಿ ಇರಲಿಲ್ಲ. ಎಮ್ಲಿನನ ಕೆಲಸ ಅದು. ಎರಡೂ ಕೈಯಲ್ಲಿ ಚೆಂಡನ್ನು ಹಸುಗೂಸಿನ ಹಾಗೆ ಅಪ್ಪಿಕೊಳ್ಳುವುದು, ಹಿರಾಮ್ ಬಲಕ್ಕೂ ಶೇಫರ್ ಎಂಬ ಇನ್ನೊಬ್ಬ ದೊಡ್ಡಾಳು ಎಡಕ್ಕೂ ಹಿಡಿದು, ಒಮ್ಮೆ ಹಿಂದಕ್ಕೆ ತೂಗಿ, ಎಸೆಯುವುದು, ಆಮೇಲೆ ಬೀಳುವುದು.

ಒಲ್ಲೆ ಅನ್ನಬಹುದಿತ್ತು. ಆದರೆ ತಂಡದವರಿಗೆ ಊಟ, ಕೋಣೆ ಎರಡೂ ಕಾಲೇಜಿನದು. ಚರ್ಚಿನವರು ಕೊಡುತ್ತಿದ್ದುದು ಪುಸ್ತಕಕ್ಕೇ ಸಾಲದು. ಒಲ್ಲೆ ಅಂದರೆ ಉಳಿಯುವುದು ಗಣಿ. ಗಣಿಯ ಹೆದರಿಕೆ ದಿನಾ ಇರುವಂಥದು, ಇದು ವಾರಕ್ಕೊಮ್ಮೆ ಎಂದು ಅವನು ಲೆಕ್ಕ ಹಾಕಿದ. ವಾರದ ಉಳಿದ ಆರು ದಿನವೂ ಆ ಒಂದು ದಿನದ್ದೇ ಆಗುತ್ತದೆಂದು ಆಗ ಹೊಳೆಯಲಿಲ್ಲ.

ಮೂರನೆಯ ಎಸೆತಕ್ಕೆ ಷರಾಯಿ ಹರಿಯಿತು. “ಹಿಡಿಕೆ ಹಾಕಿಸ್ಕೊಂಡು ಬಾ” ಅಂದ ಲಾತ್ರಪ್. ಎಮ್ಲಿನ್ ಶನಿವಾರ ಷರಾಯಿಯನ್ನು ಸುತ್ತಿಕೊಂಡು ಊರಿಗೆ ಬಂದ.

“ಷರಾಯಿಗೆ ಹಿಡಿಕೆ ಯಾತಕ್ಕೋ?” ಅಂದಳು ಅಮ್ಮ.

ದಾರಿಯುದ್ದಕ್ಕೂ ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಬಂದಿದ್ದ, ಸಿಕ್ಕಿರಲಿಲ್ಲ. ಈಗ ತಾನಾಗಿ ಬಾಯಿಗೆ ಬಂತು. “ಆಟದಲ್ಲಿ ರಾಶಿ ಬೀಳ್ತಾರಲ್ಲಮ್ಮ, ಅಡೀಲಿ ಸಿಕ್ಕೊಂಡೋರನ್ನ ಹಿಡ್ದು ಆಚೆ ಎಳೀಲಿಕ್ಕೆ. ಏಟಾದ್ರೆ ಎತ್ಕೊಂಡು ಹೋಗ್ತಾರೆ.”

“ಎಲ್ಲರಿಗೂ ಇರುತ್ತಾ?”

“ಸಣ್ಣೋರಿಗೆ ಮಾತ್ರ. ದೊಡ್ಡೋರನ್ನ ಯಾರು ಎತ್ತಾರು?”

“ಪರವಾಗಿಲ್ವೋ, ಕಾಲೇಜಿನೋರಿಗೆ ಬುದ್ಧಿ ಇದೆ” ಎಂದು ಅವಳು ಒಪ್ಪಿದಳು. ಹೇಸರಗತ್ತೆಯ ಪಟ್ಟಿಯ ಚರ್ಮ ತೆಗೆದು, ಎರಡು ಸೂಜಿಗೆ ಮೇಣದ ನೂಲು ಪೋಣಿಸಿ, ಸೊಂಟದ ಎರಡು ಮಗ್ಗುಲಿಗೂ ಒಂದೊಂದು ಹಿಡಿಕೆ ಕೂರಿಸಿ, ಹಿಡಿಕೆಯ ಒಂದೊಂದು ತುದಿಗೂ ಹನ್ನೊಂದು ಹೊಲಿಗೆ ಹಾಕಿದಳು. ಆಮೇಲೆ ಹಿಡಿಕೆಯನ್ನು ಕಾಲಿಂದ ಮೆಟ್ಟಿ ಎರಡೂ ಕೈಯಿಂದ ಷರಾಯಿಯನ್ನು ಜಗ್ಗಿ ನೋಡಿದಳು. “ಹೇಸರಗತ್ತೆ ಕಿತ್ತು ಬಂದೀತು, ಇದು ಬರಲ್ಲ. ರಾಶಿ ಅಡೀಲಿ ನೀನೆಲ್ಲೇ ಇರು, ಎಳೆದೇ ಎಳೀತಾರೆ.”

ಅವಳ ಮುಖದಲ್ಲಿ ಅಷ್ಟು ನಿರಾಳ ಅವನು ಅಪ್ಪ ಸತ್ತ ಮೇಲೆ ನೋಡಿರಲಿಲ್ಲ. ಸುಳ್ಳನ್ನು ವಾಪಸು ತೆಗೆದುಕೊಳ್ಳುವ ಹಾಗಿರಲಿಲ್ಲ.

*

ನಾಲ್ಕು ವರ್ಷ ಎಸೆದರು. ಪತ್ರಿಕೆಯವರು ಅವನಿಗೆ ‘ಸ್ಟಾನ್‌ಬರಿಯ ಗಿಡುಗ’ ಎಂದು ಹೆಸರಿಟ್ಟರು. ಗಾಳಿಯಲ್ಲಿ ಅವನ ಕಣ್ಣು ಇಡೀ ಬಯಲನ್ನು ಅಳೆಯುತ್ತದೆ ಎಂದು ಒಬ್ಬ ಬರೆದ. ನಿಜ ಹೇಳಬೇಕೆಂದರೆ ನೆಲ ಬಿಟ್ಟ ಕ್ಷಣದಿಂದ ನೆಲ ಮುಟ್ಟುವವರೆಗೆ ಎಮ್ಲಿನ್ ಕಣ್ಣು ಮುಚ್ಚಿಕೊಂಡಿರುತ್ತಿದ್ದ. ಹತ್ತೊಂಬತ್ತು ಸಲ ಚೆಂಡನ್ನು ಕೊನೆಯ ಗೆರೆ ದಾಟಿಸಿದ, ಒಂದನ್ನೂ ಕಾಣಲಿಲ್ಲ. ಜನ ಕೂಗಿದರೆ ದಾಟಿದೆ ಎಂದು ತಿಳಿಯುತ್ತಿದ್ದ, ಕೂಗದಿದ್ದರೆ ಇಲ್ಲ.

ಹೆದರಿಕೆ ಶುಕ್ರವಾರ ಮಧ್ಯಾಹ್ನಕ್ಕೆ ಬರುತ್ತಿತ್ತು. ಮೊದಲು ಅಂಗೈ ತಣ್ಣಗಾಗುವುದು. ಆಮೇಲೆ ನಾಲಿಗೆ ಬಾಯೊಳಗೆ ಯಾರದೋ ವಸ್ತುವಿನ ಹಾಗೆ ಒಣಗಿ ಕೂರುವುದು. ತಂಡದ ಮೇಜಿನಲ್ಲಿ ಅರೆಬೆಂದ ಗೋಮಾಂಸ ಬಡಿಸಿದರೆ ಅವನು ಅದನ್ನು ಬಹಳ ಹೊತ್ತು ಅಗಿಯುತ್ತಿದ್ದ, ನುಂಗಲು ಆಗುತ್ತಿರಲಿಲ್ಲ. ಹಿರಾಮ್ ಪಕ್ಕದಿಂದ ಕೈ ಹಾಕಿ ತಟ್ಟೆ ಖಾಲಿ ಮಾಡುತ್ತಿದ್ದ. ಶನಿವಾರ ಆಟಕ್ಕೆಂದು ಷರಾಯಿ ಹಾಕಿದ ಮೇಲೆ ಎಮ್ಲಿನ್ ಸೊಂಟಕ್ಕೆ ಕೈಕೊಟ್ಟು ನಿಂತ ಹಾಗೆ ನಟಿಸಿ ಬೆರಳಿನಿಂದ ಹೊಲಿಗೆ ಎಣಿಸುತ್ತಿದ್ದ. ಹನ್ನೊಂದು. ಮತ್ತೆ ಹನ್ನೊಂದು. ಗಾಳಿಯಲ್ಲಿ ಇರುತ್ತಿದ್ದುದು ಒಂದು ಉಸಿರಿನಷ್ಟು ಹೊತ್ತು. ಅಷ್ಟರಲ್ಲಿ ಮೈಯೆಲ್ಲ ಮರೆತುಹೋಗಿ ಕತ್ತಿನ ಹಿಂದಿನ ಒಂದು ಮೂಳೆ ಮಾತ್ರ ಉಳಿಯುತ್ತಿತ್ತು. ಅದೊಂದೇ ಹಾರುತ್ತಿರುವ ಹಾಗೆ, ಕೆಳಗೆ ಇಡೀ ಭೂಮಿ ಅದೊಂದಕ್ಕೇ ಕಾಯುತ್ತಿರುವ ಹಾಗೆ. ಎರಡು ಹಲ್ಲು ಹೋದವು. ಮೂಗು ಎರಡು ಸಲ ಮುರಿದು ಎರಡನೆಯ ಸಲಕ್ಕೆ ಒಂದಿಷ್ಟು ನೆಟ್ಟಗಾಯಿತು. ಬಲಗೈಯ ತೋರುಬೆರಳು ಸೊಟ್ಟಗಾಯಿತು. ಇವತ್ತಿಗೂ ಅವರು “ಆ ಕಪಾಟು” ಎಂದು ತೋರಿಸಿದರೆ ನಾನು ಪಕ್ಕದ್ದನ್ನು ತೆರೆಯುತ್ತೇನೆ, ಬೈಸಿಕೊಳ್ಳುತ್ತೇನೆ.

ಹೆದರಿಕೆಯ ಮಾತನ್ನು ಅವನು ಒಮ್ಮೆ ಮಾತ್ರ ಆಡಿದ, ಹಿರಾಮನ ಹತ್ತಿರ.

“ಹಿರಾಮ್, ನಿಂಗೆ ಭಯ ಆಗತ್ತೇನೋ?”

“ಆಗತ್ತಪ್ಪ.”

“ಯಾವುದರದ್ದು?”

“ಕೈ ಬೆವರಿ ನೀನು ಜಾರಿ ಹಿಂದಕ್ಕೆ ಬಿದ್ರೆ ಅಂತ. ಜನ ನಗ್ತಾರೆ.”

ಜನ ನಗುವುದನ್ನು ಎಮ್ಲಿನ್ ಆವತ್ತು ತಲೆಯಲ್ಲಿ ಇಟ್ಟುಕೊಂಡ.

ಕೊನೆಯ ವರ್ಷ, ೧೮೯೮ರ ನವೆಂಬರ್. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಮೆಲ್‌ರೋಡ್ ಕಾಲೇಜಿನ ಜೊತೆ ಆಟ. ಅದಕ್ಕೆ ಎರಡು ವಾರ ಮುಂಚೆ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು ಬಂತು: ಪಶ್ಚಿಮದ ಯಾವುದೋ ಊರಿನಲ್ಲಿ ಹೀಗೇ ಎಸೆದ ಒಬ್ಬ ಹುಡುಗನಿಗೆ ಎದುರಿನವರು ತಮ್ಮವನೊಬ್ಬನನ್ನು ಮೇಲಕ್ಕೆತ್ತಿ ಗಾಳಿಯಲ್ಲೇ ಡಿಕ್ಕಿ ಹೊಡೆಸಿದರು; ಕತ್ತು ಮುರಿದು ಹುಡುಗ ಸತ್ತ; ಆಟ ಮುಂದುವರಿಯಿತು. ಎಮ್ಲಿನ್ ಆ ತುಂಡನ್ನು ಕತ್ತರಿಸಿ ಬೂಟಿನೊಳಗೆ ಇಟ್ಟುಕೊಂಡ. ಯಾಕೆ ಇಟ್ಟುಕೊಂಡನೋ ಅವನಿಗೇ ತಿಳಿಯದು. ಆ ತುಂಡನ್ನು ಬಿಸಾಡಿದರೆ ತಾನೇ ಆ ಹುಡುಗನಾಗಿಬಿಡುತ್ತೇನೆ ಅನಿಸಿತಂತೆ.

ಮುಂದಿನ ವಾರ ಒಂದು ಕಾರ್ಡು ಬಂತು. ಮೆಲ್‌ರೋಡಿನವರು ಗ್ಯಾಫ್ನಿ ಎಂಬ ಆರಡಿ ಮೂರಂಗುಲದ ಆಳನ್ನು ತಂಡಕ್ಕೆ ಹಾಕಿಕೊಂಡಿದ್ದಾರೆ, ಅವನು ಯಾವ ತರಗತಿಯಲ್ಲೂ ಕೂತದ್ದನ್ನು ಕಂಡವರಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಕಾರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಎರಡೇ ಸಾಲು. ‘ಮೇಲೆ ಸಿಗೋಣ. ಒಗೆದ ಅಂಗಿ ಹಾಕಿಕೊಂಡು ಬಾ, ಹೂಳುವಾಗ ಬೇಕಾಗುತ್ತದೆ. — ಗ್ಯಾಫ್ನಿ.’

ತಂಡದವರು ಅದನ್ನು ಊಟದ ಮನೆಯ ಗೋಡೆಗೆ ಅಂಟಿಸಿ ನಕ್ಕರು. ಎಮ್ಲಿನನೂ ನಕ್ಕ. ನಕ್ಕಾಗ ಹಲ್ಲು ಒಂದಕ್ಕೊಂದು ತಾಗಿ ಸದ್ದಾಗುವುದು ಅವನಿಗೆ ಕೇಳಿಸಿತು.

ಲಾತ್ರಪ್ ಹತ್ತಿರ ಹೋಗಿ, “ಸಾರ್, ಈ ಸಲ ಎಸೀದೆ ಇದ್ರೆ ಆಗಲ್ವಾ?” ಎಂದು ಕೇಳಿದ.

“ಯಾಕೋ, ಹುಷಾರಿಲ್ವ?”

“ಹುಷಾರಿದ್ದೀನಿ ಸಾರ್.”

“ನಿಮ್ಮೂರಿಂದ ಒಂದಿಡೀ ರೈಲು ಬರ್ತಿದೆ ನಿನ್ನ ನೋಡ್ಲಿಕ್ಕೆ. ನಿಮ್ಮಮ್ಮನೂ ಬರ್ತಾರಂತೆ, ಪಾದ್ರಿಗಳ ಪಕ್ಕದಲ್ಲೇ ಕೂರಿಸ್ತೀವಿ. ಹೋಗು, ಹೊಟ್ಟೆ ತುಂಬ ಊಟ ಮಾಡು.”

ಅಮ್ಮ ಈವರೆಗೆ ಒಂದು ಆಟವನ್ನೂ ನೋಡಿರಲಿಲ್ಲ. ಈಗ ಎರಡು ಹೆದರಿಕೆ ಆಯಿತು. ಒಂದು ಗ್ಯಾಫ್ನಿಯದು, ಇನ್ನೊಂದು, ಹಿಡಿಕೆ ಯಾತಕ್ಕೆಂದು ಅಮ್ಮ ಕಣ್ಣಾರೆ ಕಾಣುವುದು.

ಬುಧವಾರ ಮಧ್ಯಾಹ್ನ ಎಲ್ಲರೂ ಪ್ರಾರ್ಥನೆಗೆ ಹೋದಾಗ ಎಮ್ಲಿನ್ ತಲೆನೋವೆಂದು ಕೋಣೆಯಲ್ಲಿ ಉಳಿದ. ಅಪ್ಪನ ಕ್ಷೌರದ ಕತ್ತಿ ತೆಗೆದು, ಷರಾಯಿಯನ್ನು ತೊಡೆಯ ಮೇಲೆ ಹಾಕಿಕೊಂಡು, ಹಿರಾಮ್ ಹಿಡಿಯುವ ಬಲಗಡೆಯ ಹಿಡಿಕೆಗೆ ಅಮ್ಮ ಹಾಕಿದ ಹೊಲಿಗೆಯನ್ನು ಒಂದೊಂದಾಗಿ ಕತ್ತರಿಸಿದ. ತುದಿಗೆ ಎರಡೆರಡು ಉಳಿಸಿದ. ನೋಡುವವರಿಗೆ ಹಿಡಿಕೆ ಇದ್ದಲ್ಲೇ ಇದೆ. ಜೋರಾಗಿ ತೂಗಿದರೆ ಕಿತ್ತು ಹಿರಾಮನ ಕೈಗೆ ಬರುತ್ತದೆ. ತಾನು ಅಲ್ಲೇ ಅಂಗಾತ ಬೀಳುತ್ತೇನೆ. ಜನ ನಗುತ್ತಾರೆ. ನಗಲಿ. ನಗುವ ಜನರ ನಡುವೆ ನಡೆದುಕೊಂಡು ಮನೆಗೆ ಹೋಗಬಹುದು. ಅಮ್ಮನಿಗೆ ಏನೂ ತಿಳಿಯುವುದಿಲ್ಲ. ಹೇಡಿ ಎಂದು ಯಾರೂ ಅನ್ನುವ ಹಾಗಿಲ್ಲ, ನೂಲು ಹೇಡಿ.

ಕತ್ತಿ ಜಾರಿ ಒಂದು ಕಡೆ ಚರ್ಮಕ್ಕೂ ಗೀರು ಬಿತ್ತು. ಕತ್ತಿಯನ್ನು ಹಾಗೇ ಮಡಿಚಿ, ಮುಖ ತೊಳೆಯುವ ಬೋಗುಣಿಯ ಪಕ್ಕ ಇಟ್ಟ. ನಾಲ್ಕು ವರ್ಷದಲ್ಲಿ ಮೊದಲ ಸಲ ಆಟದ ಹಿಂದಿನ ದಿನ ಮಾಂಸ ನುಂಗಿದ.

*

ಬಯಲಿನ ಪಕ್ಕದ ಕುದುರೆ ಲಾಯದಲ್ಲಿ ತಂಡದವರು ಬಟ್ಟೆ ಬದಲಿಸುತ್ತಿದ್ದರು. ಎಮ್ಲಿನ್ ಉದ್ದ ಒಳಚಡ್ಡಿಯಲ್ಲಿ ನಿಂತು ಷರಾಯಿಗೆ ಕಾಲು ತೂರಿಸಬೇಕು, ಅಷ್ಟರಲ್ಲಿ ಹಿರಾಮ್ ಅದನ್ನು ಕೈಯಿಂದ ಕಿತ್ತುಕೊಂಡ. ಆಟಕ್ಕೆ ಮುಂಚೆ ಹಿಡಿಕೆಯನ್ನು ಜಗ್ಗಿ ನೋಡುವುದು ಅವನ ರೂಢಿ. ನೇಗಿಲು ಹೂಡುವ ಮುಂಚೆ ಸರಂಜಾಮು ಜಗ್ಗಿ ನೋಡುವ ಮನೆತನ. ಈ ರೂಢಿ ಎಮ್ಲಿನನಿಗೆ ನಾಲ್ಕು ವರ್ಷದಿಂದ ಗೊತ್ತು. ಹೆದರಿಕೆಯಲ್ಲಿ ಅದನ್ನೇ ಮರೆತಿದ್ದ.

“ಇದೇನೋ ಇದು, ಹೊಲಿಗೆ ಬಿಟ್ಟೋಗಿದೆ.”

“ಸ್ವಲ್ಪ ಸಡಿಲ ಅಷ್ಟೇ. ಕೊಡು, ಹೊತ್ತಾಯ್ತು.”

“ಸಡಿಲಾನಾ? ನೂಲೇ ಇಲ್ಲ ಇಲ್ಲಿ!” ಹಿರಾಮ್ ಬಾಗಿಲ ಕಡೆ ನೋಡಿದ. “ತಡಿ, ನಿಮ್ಮಮ್ಮ ಹೊರಗಡೇನೇ ನಿಂತಿದಾರೆ. ನಿಂಗೆ ಅಂತ ಏನೋ ತಿಂಡಿ ತಂದಿದಾರೆ.”

“ಬೇಡ ಹಿರಾಮ್! ಬೇಡ್ವೋ!”

ಒಳಚಡ್ಡಿಯಲ್ಲಿ ಅವನ ಹಿಂದೆ ಓಡುವಂತಿರಲಿಲ್ಲ. ಎಮ್ಲಿನ್ ಹಲಗೆಯ ಬಾಗಿಲಿಗೆ ಕಿವಿ ಇಟ್ಟು ನಿಂತ. ಅಮ್ಮ ಎಲ್ಲಿಗೆ ಹೋದರೂ ಕೈಚೀಲದಲ್ಲಿ ಸೂಜಿ, ಮೇಣದ ನೂಲು ಇಟ್ಟುಕೊಂಡೇ ಹೋಗುವವಳು. ಮಗುಚಿದ ಬಕೆಟ್ಟಿನ ಮೇಲೆ ಅವಳು ಕೂತ ಸದ್ದು ಕೇಳಿಸಿತು.

“ನೀನೇ ಏನಪ್ಪ ಹಿರಾಮ್? ಇವನ್ನ ಎತ್ಕೊಂಡು ಬರೋನು ನೀನೇನಾ?”

“ಹೌದು ಮಿಸೆಸ್ ಪ್ರಾಸರ್. ಎತ್ತೋದು ನಾನೇ.”

“ಜೋಪಾನವಾಗಿ ಎತ್ತು ಕಣಪ್ಪ.”

“ಹೂಂ.”

ಷರಾಯಿ ಮಗುಚಿ ಹಾಕಿದ ಸದ್ದು. ಆಮೇಲೆ ಅಮ್ಮನ ದನಿ, ಸ್ವಲ್ಪ ತಗ್ಗಿ: “ಈ ನೂಲು ಸವೆದಿದ್ದಲ್ಲ. ಯಾರೋ ಕತ್ತರಿಸಿದಾರೆ.”

ಬಾಗಿಲ ಹಿಂದೆ ಎಮ್ಲಿನ್ ಅಗುಳಿಯನ್ನು ಭದ್ರವಾಗಿ ಹಿಡಿದುಕೊಂಡ.

“ಇಲಿ ಇರ್ಬೇಕು” ಅಂದ ಹಿರಾಮ್. “ಲಾಯ ಅಲ್ವಾ.”

“ಇಲಿ ಹಲ್ಲು ಕಾಣದೋಳಾ ನಾನು?”

ದಪ್ಪ ಚರ್ಮದೊಳಗೆ ಸೂಜಿ ಹೊಗುವ ಸಣ್ಣ ಕಿರುಗುಟ್ಟುವ ಸದ್ದು ಶುರುವಾಯಿತು. ಎಮ್ಲಿನ್ ಎಣಿಸಿದ. ಹನ್ನೊಂದಕ್ಕೆ ನಿಲ್ಲಲಿಲ್ಲ. ಒಂದೊಂದು ತುದಿಗೂ ಇಪ್ಪತ್ತೆರಡು. ಒಂದೊಂದು ಹೊಲಿಗೆಗೂ ಅವನಿಗೆ ಶವಪೆಟ್ಟಿಗೆಯ ಮುಚ್ಚಳಕ್ಕೆ ಮೊಳೆ ಬಿದ್ದ ಹಾಗೆ ಆಗುತ್ತಿತ್ತು. ಹೊಲಿಯುತ್ತಿದ್ದವಳಿಗೆ ಮಗನನ್ನು ಸಾವಿನಿಂದ ಎಳೆದು ತರುವ ಹಗ್ಗ ಗಟ್ಟಿಯಾಗುತ್ತಿತ್ತು.

“ತಗೋ” ಅಂದಳು ಕೊನೆಗೆ. “ಈಗ ಎಷ್ಟು ಬೇಕಾದ್ರೂ ಜಗ್ಗು.”

ಆಟದ ಮೊದಲರ್ಧದಲ್ಲಿ ಯಾರಿಗೂ ಒಂದು ಅಂಕವೂ ಬರಲಿಲ್ಲ. ಹೆಪ್ಪುಗಟ್ಟಿದ ಕೆಸರು, ಬಿದ್ದಲ್ಲೆಲ್ಲ ಚರ್ಮ ಕಿತ್ತು ಬರುತ್ತಿತ್ತು. ಬಯಲಿನ ನಡುವೆ ಒಮ್ಮೆ ಎಸೆದರು. ಗ್ಯಾಫ್ನಿ ಮೇಲೇಳಲಿಲ್ಲ, ಬಿದ್ದ ಎಮ್ಲಿನನ ಮೇಲೆ ಬಾಗಿ, “ಈಗಲ್ಲ, ಗೆರೆ ಹತ್ರ” ಎಂದು ಮಾತ್ರ ಹೇಳಿದ. ಅದಕ್ಕಿಂತ ಭಯವಾದದ್ದು ಜನರ ನಡುವಿನ ಒಂದು ಜಾಗ. ಸಾವಿರ ಜನ ಕೂಗುತ್ತಿದ್ದಾರೆ, ಪಾದ್ರಿಗಳು ಟೋಪಿ ಬೀಸುತ್ತಿದ್ದಾರೆ; ಅವರ ಪಕ್ಕ ಕಪ್ಪು ಶಾಲು ಹೊದ್ದ ಒಬ್ಬಳು ಎದ್ದು ನಿಂತಿದ್ದಾಳೆ, ಬಾಯಿ ತೆರೆದಿಲ್ಲ, ಕೂರುತ್ತಲೂ ಇಲ್ಲ. ಹಿಡಿಕೆ ಯಾತಕ್ಕೆಂದು ಅವಳು ಕಂಡಾಗಿದೆ.

ಆಟ ಮುಗಿಯಲು ಎರಡು ನಿಮಿಷವಿರುವಾಗ ಸ್ಟಾನ್‌ಬರಿಯವರು ಗೆರೆಗೆ ಒಂದು ಗಜ ದೂರ ಬಂದು ನಿಂತರು. ಎರಡು ಸಲ ನುಗ್ಗಿದರು, ಗೋಡೆ ಅಲುಗಲಿಲ್ಲ. ಉಳಿದದ್ದು ಒಂದು ಯತ್ನ. “ಎಸೀರಿ! ಎಸೀರಿ!” ಎಂದು ಜನ ಕಾಲು ಬಡಿಯತೊಡಗಿದರು. ಎದುರು ಸಾಲಿನಲ್ಲಿ ಗ್ಯಾಫ್ನಿಯ ಎರಡು ಪಕ್ಕದವರು ಅವನ ಸೊಂಟ ಹಿಡಿದುಕೊಂಡದ್ದು ಎಮ್ಲಿನನಿಗೆ ಕಾಣಿಸಿತು. ಎತ್ತಲು ಸಿದ್ಧವಾಗಿದ್ದರು.

ಚೆಂಡು ಕೈಗೆ ಬಂತು. ಅಪ್ಪಿಕೊಂಡ. ಹಿರಾಮನ ಉಸಿರು ಕಿವಿಗೆ ಬಿಸಿಯಾಗಿ ತಗಲಿತು. “ಅಳಬೇಡ್ವೋ” ಅಂದ ಹಿರಾಮ್. ತಾನು ಅಳುತ್ತಿದ್ದೇನೆಂದು ಎಮ್ಲಿನನಿಗೆ ಗೊತ್ತಿರಲಿಲ್ಲ. ಹಿಂದಕ್ಕೆ ತೂಗಿದರು. ತುದಿಗೆ ಇಪ್ಪತ್ತೆರಡರಂತೆ ಹಾಕಿದ ಹೊಲಿಗೆಯಲ್ಲಿ ಒಂದೂ ಮಿಸುಕಲಿಲ್ಲ.

ನೆಲ ಬಿಟ್ಟಾಗ ಇಡೀ ಗದ್ದಲದೊಳಗಿಂದ ಒಂದೇ ದನಿ ಅವನನ್ನು ಮುಟ್ಟಿತು: “ಎಮ್ಲಿನ್!” ಆ ದನಿ ಕರೆದರೆ ಚಿಕ್ಕಂದಿನಿಂದ ಮುಚ್ಚಿದ ಕಣ್ಣು ತೆರೆಯಲೇಬೇಕು. ತೆರೆದ. ನಾಲ್ಕು ವರ್ಷದಲ್ಲಿ ಮೊದಲ ಸಲ ತಾನು ಎಷ್ಟು ಎತ್ತರದಲ್ಲಿದ್ದೇನೆಂದು ಕಂಡ. ಎದುರಿಗೆ ಗ್ಯಾಫ್ನಿ ಏರಿ ಬರುತ್ತಿದ್ದ, ಬಾವಿಯಿಂದ ಎತ್ತಿದ ಕೊಡದ ಹಾಗೆ, ಓಲಾಡುತ್ತ. ದೊಡ್ಡ ಕೆಂಪು ಮುಖ. ಗ್ಯಾಫ್ನಿ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ. ತುಟಿ ಪಿಟಪಿಟ ಎನ್ನುತ್ತ ಯಾವುದೋ ಪ್ರಾರ್ಥನೆ ಹೇಳುತ್ತಿತ್ತು.

ಎಮ್ಲಿನ್ ತಲೆಯನ್ನು ಪಕ್ಕಕ್ಕೆ ಎಳೆದುಕೊಂಡ. ಕಣ್ಣು ಮುಚ್ಚಿದ್ದರೆ ಆಗುತ್ತಿರಲಿಲ್ಲ. ಗ್ಯಾಫ್ನಿಯ ತಲೆ ಕತ್ತಿಗೆ ತಾಗುವ ಬದಲು ಹೆಗಲಿನ ಮೂಳೆಗೆ ತಾಗಿತು. ಒಣಗಿದ ಸೌದೆ ಮುರಿದ ಸದ್ದು; ಅದು ತನ್ನದೇ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಬ್ಬರೂ ಗೆರೆಯಾಚೆ ಬಿದ್ದರು, ಚೆಂಡು ಎಮ್ಲಿನನ ಅಡಿಗೆ.

ಗ್ಯಾಫ್ನಿ ಕೆಸರಿಗೆ ಕೆನ್ನೆ ಒತ್ತಿ ಮಲಗಿದ್ದ. ಕಣ್ಣು ಇನ್ನೂ ಮುಚ್ಚಿತ್ತು. “ಮುಗೀತಾ?” ಅಂದ.

“ಮುಗೀತು” ಅಂದ ಎಮ್ಲಿನ್.

“ನೀನು ಬದುಕಿದ್ದೀಯಾ?”

“ಹಾಗನ್ಸುತ್ತೆ.”

“ದೇವ್ರು ದೊಡ್ಡೋನು” ಎಂದು ಗ್ಯಾಫ್ನಿ ಅಲ್ಲೇ ವಾಂತಿ ಮಾಡಿಕೊಂಡ.

ಗೆರೆ ದಾಟಿದ್ದಕ್ಕೆ ಐದು ಅಂಕ; ಐದಕ್ಕೆ ಸೊನ್ನೆಯಿಂದ ಸ್ಟಾನ್‌ಬರಿ ಗೆದ್ದಿತು. ಎಮ್ಲಿನನಿಗೆ ತೋಳು ಎತ್ತಲಾಗಲಿಲ್ಲ, ಏಳಲಾಗಲಿಲ್ಲ. ಹಿರಾಮ್ ಒಂದು ಹಿಡಿಕೆ, ಶೇಫರ್ ಒಂದು ಹಿಡಿಕೆ ಹಿಡಿದು ಅವನನ್ನು ಬಯಲಿನಿಂದ ಹೊತ್ತು ತಂದರು. ಅಮ್ಮನಿಗೆ ಹೇಳಿದ ಸುಳ್ಳು ನಾಲ್ಕು ವರ್ಷದ ಮೇಲೆ ಹೀಗೆ ನಿಜವಾಯಿತು. ಅವಳು ಜನರನ್ನು ಸೀಳಿಕೊಂಡು ಬಂದು ಎದುರು ನಿಂತಳು.

“ಎತ್ಕೊಂಡು ಬಂದೆ, ಮಿಸೆಸ್ ಪ್ರಾಸರ್” ಅಂದ ಹಿರಾಮ್. ಬೇರೇನು ಹೇಳಬೇಕೆಂದು ಅವನಿಗೆ ತೋಚಿರಲಿಕ್ಕಿಲ್ಲ.

“ಎಸೆಯೋದೂ ನೀನೇ, ಎತ್ಕೊಂಡು ಬರೋದೂ ನೀನೇನಾ?” ಎಂದು ಅವಳು ಕೈಚೀಲ ಬೀಸಿ ಅವನ ಕಿವಿಗೆ ಒಂದು ಕೊಟ್ಟಳು. ತಂದಿದ್ದ ಒಣದ್ರಾಕ್ಷಿ ರೊಟ್ಟಿಯೆಲ್ಲ ಕೆಸರಿಗೆ ಬಿತ್ತು. ಮಗನಿಗೆ ಮಾತ್ರ ಏನೂ ಅನ್ನಲಿಲ್ಲ. ಅವನ ಷರಾಯಿಯ ಹಿಡಿಕೆ ಮುಟ್ಟಿ ನೋಡಿದಳು, ಕೈ ಹಿಂದಕ್ಕೆ ತೆಗೆದುಕೊಂಡಳು.

*

ಆಮೇಲೆ ಪ್ರಾಸರ್ ಅವರು ಆಡಲಿಲ್ಲ. ಪಾದ್ರಿಯೂ ಆಗಲಿಲ್ಲ; ಎತ್ತರದ ವೇದಿಕೆ ಹತ್ತಿ, ಕೆಳಗಿನ ಮುಖಗಳು ಮೇಲೆ ನೋಡುತ್ತಿದ್ದರೆ ನಾಲಿಗೆ ಒಣಗಿಹೋಗುತ್ತಿತ್ತು. ಗಣಿಯ ಉಗ್ರಾಣ ನೆಲದ ಮೇಲಿದೆ, ನೆಲದ ಮಟ್ಟದಲ್ಲೇ ಇದೆ. ಅಲ್ಲಿ ಸೇರಿ ಉಳಿದರು. ಮೇಲಿನ ಕಪಾಟಿಗೆ ಏಣಿ ಹತ್ತುವ ಕೆಲಸ ಬಂದರೆ ನನಗೆ ಹೇಳುತ್ತಾರೆ. ಮುಂದಿನ ವರ್ಷಗಳಲ್ಲಿ ಬಹಳ ಹುಡುಗರು ಸತ್ತ ಮೇಲೆ ಎಸೆಯುವುದನ್ನು ನಿಯಮ ಮಾಡಿ ನಿಲ್ಲಿಸಿದರು. ಕಾಲೇಜಿನಿಂದ ವರ್ಷವರ್ಷ ಔತಣಕ್ಕೆ ಕರೆ ಬರುತ್ತದೆ. ಬರಲಾಗುವುದಿಲ್ಲ ಎಂಬ ಉತ್ತರವನ್ನು ಈಚೆಗೆ ಬರೆಯುವವನು ನಾನೇ.

ಈ ವರ್ಷದ ಕಾಗದ ಬೇರೆ ತರಹ ಇತ್ತು. ಷರಾಯಿಯನ್ನು ಕೊಟ್ಟರೆ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರಂತೆ, ಜೊತೆಗೆ ‘ಭಯವರಿಯದ ಎಮ್ಲಿನ್ ಪ್ರಾಸರ್’ ಎಂಬ ಹಿತ್ತಾಳೆ ಫಲಕ. ಭಾನುವಾರ ಚರ್ಚು ಮುಗಿಸಿ ಅವರು ನನ್ನನ್ನು ಮನೆಗೆ ಕರೆದುಕೊಂಡು ಹೋದರು, ಷರಾಯಿ ಇಟ್ಟ ಪೆಟ್ಟಿಗೆ ಮೇಲಿನ ಅಟ್ಟದಲ್ಲಿದೆ, ಏಣಿ ಹತ್ತಬೇಕು ಎಂದು. ನಾನು ಇಳಿಸಿಕೊಟ್ಟೆ. ಅವರ ಎಪ್ಪತ್ತೆರಡು ವರ್ಷದ ಅಮ್ಮ ಷರಾಯಿಯನ್ನು ಕೊಡವಿ ಮೇಜಿನ ಮೇಲೆ ಹರಡಿದರು. ಬಟ್ಟೆ ಬೂದಿಯ ಬಣ್ಣಕ್ಕೆ ತಿರುಗಿದೆ, ಹಿಡಿಕೆ ಹಾಗೇ ಇದೆ. ಫಲಕದ ಮೇಲೆ ಏನು ಬರೆಯುತ್ತಾರೆಂದು ನಾನೇ ಓದಿ ಹೇಳಿದೆ.

“ಭಯವರಿಯದ” ಎಂದು ಮುದುಕಿ ಒಮ್ಮೆ ಹೇಳಿಕೊಂಡರು. ಹಿಡಿಕೆಯನ್ನು ಎರಡೂ ಕೈಯಲ್ಲಿ ಜಗ್ಗಿ ನೋಡಿದರು. “ಎಮ್ಲಿನ್, ಇಪ್ಪತ್ತಮೂರು ವರ್ಷ ಕೇಳ್ಲಿಲ್ಲ ನಾನು. ಇದು ಮನೆಯಿಂದ ಆಚೆ ಹೋಗ್ತಿದೆ, ಈಗ ಕೇಳ್ತೀನಿ. ಈ ನೂಲು ಕತ್ತರಿಸಿದ್ದು ನೀನೇ ಅಲ್ವೇನೋ?”

ಪ್ರಾಸರ್ ಟೀ ಲೋಟ ಕೆಳಗಿಟ್ಟರು. “ಹೌದಮ್ಮ.”

“ಗೊತ್ತಿತ್ತು. ಕ್ರಿಸ್ಮಸ್ಸಿಗೆ ನೀನು ಬಂದಾಗ ನಿಮ್ಮಪ್ಪನ ಕತ್ತಿ ಬಾಯಿಗೆ ಮೇಣ ಮೆತ್ತಿತ್ತು. ಅಷ್ಟು ಹೆದರಿದ್ಯಾ?”

“ಅಷ್ಟು ಹೆದರಿದ್ದೆ.”

“ನಾಲ್ಕು ವರ್ಷಾನೂ?”

“ನಾಲ್ಕು ವರ್ಷಾನೂ.”

ಮುದುಕಿ ಹಿಡಿಕೆಯ ಹೊಲಿಗೆಯ ಮೇಲೆ ಬೆರಳಾಡಿಸಿದರು. ಒಲೆಯ ಮೇಲೆ ಕೆಟಲು ಕುದಿಯುತ್ತಿತ್ತು, ಯಾರೂ ಏಳಲಿಲ್ಲ. ನಾನು ಬಾಯಲ್ಲಿದ್ದ ರೊಟ್ಟಿಯನ್ನು ಅಗಿಯದೆ ಕೂತಿದ್ದೆ.

“ಮತ್ತೆ” ಅಂದರು, ಮಗನ ಮುಖವನ್ನೇ ನೋಡುತ್ತ, “ನಾನು ಹೊಲಿದು ಕಳಿಸಿದೆನಲ್ಲ, ಅದನ್ನ ಹಾಗೇ ಹಾಕ್ಕೊಂಡು ಹೋದ್ಯಲ್ಲ. ನನ್ನ ಹೊಲಿಗೆ ಅಂತಾನಾ? ಇನ್ನೊಂದ್ಸಲ ಯಾಕೆ ಕತ್ತರಿಸಲಿಲ್ಲ?”

ಅಮ್ಮನ ಮುಖದಲ್ಲಿ ಒಂದು ಉತ್ತರ ಆಗಲೇ ಕೂತಿತ್ತು. ಅದನ್ನು ಕೊಟ್ಟುಬಿಟ್ಟರೆ ಎಲ್ಲರಿಗೂ ಒಳ್ಳೆಯದೆಂದು ನನಗೂ ಅನಿಸಿತು. ಪ್ರಾಸರ್ ಅದನ್ನು ನೋಡಿದರು. ಈ ಷರಾಯಿಯ ವಿಷಯದಲ್ಲಿ ಅಮ್ಮನಿಗೆ ಒಂದು ಸುಳ್ಳು ಹೇಳಿ ಆಗಿತ್ತು.

“ಕತ್ತಿ ರೂಮಲ್ಲೇ ಬಿಟ್ಟು ಬಂದಿದ್ದೆ.”